ಲಕ್ವ ಬಂದವರ ಎದೆಯನ್ನೂ ನೋಡಬೇಕು

"ಲಕ್ವ ಹೊಡೆದಿರೋದು ಕೈಗೆ, ಸ್ಕ್ಯಾನ್ ಮಾಡಿದ್ದು ತಲೆಗೆ. ಈಗ ಎದೆ ಸ್ಕ್ಯಾನ್ ಬೇರೆ ಯಾಕ್ರಿ ಸಾರ್?"

ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಎಕೋ ಕೋಣೆಯ ಬಾಗಿಲಲ್ಲಿ ಹೀಗೆ ಕೇಳಿದವರು ದಾವಣಗೆರೆ ಕಡೆಯ ಒಬ್ಬ ಕೂಲಿಕಾರರು. ಅವರ ಹೆಂಡತಿಗೆ ಮೂವತ್ತರ ಆಸುಪಾಸು. ಅಡಿಕೆ ಸುಲಿಯುತ್ತ ಕೂತಿದ್ದಾಗ ಬಲಗೈ ಜೋತುಬಿತ್ತು, ಮಾತು ನಿಂತಿತು. ಬಿ.ಪಿ. ಇಲ್ಲ, ಶುಗರ್ ಇಲ್ಲ.

ಸಿ.ಟಿ. ಸ್ಕ್ಯಾನ್ ಮಿದುಳಿಗೆ ಏನಾಗಿದೆ ಎಂದು ತೋರಿಸುತ್ತದೆ. ಅಲ್ಲಿ ಸಿಕ್ಕಿಕೊಂಡ ಹೆಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಕಡೆ ಹುಡುಕಬೇಕು. ರಕ್ತನಾಳ ಕಟ್ಟಿ ಬರುವ ಲಕ್ವಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಮೂಲ ಹೃದಯ. ಅದರೊಳಗೆ ರಕ್ತ ನಿಧಾನವಾದ ಕಡೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿ, ಕತ್ತಿನ ರಕ್ತನಾಳದಲ್ಲಿ ಮೇಲೇರಿ, ಮಿದುಳಿನ ಕವಲೊಂದನ್ನು ಮುಚ್ಚುತ್ತದೆ.

ಜೆಲ್ ಹಚ್ಚಿ ಪ್ರೋಬ್ ಇಟ್ಟ ಕೂಡಲೇ ಆಕೆಯ ಕಥೆ ತೆರೆಯ ಮೇಲೆ ಬಂತು. ಮೈಟ್ರಲ್ ಕವಾಟ ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕು. ಆಕೆಯದು ಸುಮಾರು 1 ಅಷ್ಟೇ. ಅದರ ಹಿಂದಿನ ಎಡ ಮೇಲ್ಕೋಣೆ ಊದಿಕೊಂಡಿತ್ತು. ಅದರೊಳಗೆ ಮಬ್ಬು ಮಬ್ಬಾದ ಸುಳಿ, ನಾವು 'ಸ್ಮೋಕ್' ಎನ್ನುವುದು. ಗೋಡೆಗೆ ಅಂಟಿಕೊಂಡು ಒಂದು ಹೆಪ್ಪು. ಇ.ಸಿ.ಜಿ.ಯಲ್ಲಿ ಬಡಿತ ತಾಳ ತಪ್ಪಿತ್ತು. ಚಿಕ್ಕಂದಿನಲ್ಲಿ ಕೀಲುನೋವು ಬಂದಿತ್ತೇ ಎಂದು ಆಕೆಯ ತಾಯಿಯನ್ನು ಕೇಳಿದೆ. "ಹೌದ್ರಿ, ಮಂಡಿ ಊದಿ ಸಾಲಿ ಬಿಟ್ಟು ಮಲಗಿದ್ಲು." ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಅದು. ಕೀಲು ವಾಸಿಯಾಗುತ್ತದೆ, ಕವಾಟ ಕೆಡುತ್ತ ಹೋಗುತ್ತದೆ.

ಎಕೋ ಯಂತ್ರ ಹುಟ್ಟಿದ್ದೂ ಇದೇ ಕವಾಟದ ಕಾಯಿಲೆಯ ಬೆನ್ನುಹತ್ತಿ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಬಡಿಯುವ ಹೃದಯಕ್ಕೆ ಹಿಡಿದರು.

ಎಕೋ ನೋಡಿದ ಮೇಲೆ ಆಕೆಯ ಚಿಕಿತ್ಸೆಯೇ ಬದಲಾಯಿತು. ಇಂಥ ಹೆಪ್ಪಿಗೆ ಆಸ್ಪಿರಿನ್ ಸಾಲದು. ಮಿದುಳಿನಲ್ಲಿ ರಕ್ತ ಸೋರುವ ಭಯ ಕಳೆದ ಮೇಲೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಶುರುಮಾಡಿದೆವು. ಹೊಸ ಮಾತ್ರೆಗಳು ಬಂದಿವೆ, ನಿಜ. ಆದರೆ ರುಮ್ಯಾಟಿಕ್ ಕವಾಟದ ಕಾಯಿಲೆಯ ಜೊತೆ ಬಡಿತವೂ ತಾಳ ತಪ್ಪಿದ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಮಾತ್ರೆಯಾದ ರಿವರೊಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಗುಂಪಿನಲ್ಲೇ ಸಾವು ಕಡಿಮೆಯಿತ್ತು. ವಾರ್ಫರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಐ.ಎನ್.ಆರ್. 2ರಿಂದ 3ರ ನಡುವೆ ಇರಬೇಕು. ಸೊಪ್ಪು ಅದನ್ನು ಏರುಪೇರು ಮಾಡುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ದಿನವೂ ಸೊಪ್ಪಿನ ಸಾರು, ಮುಂದಿನ ವಾರ ಒಂದೆಲೆಯೂ ಇಲ್ಲ ಎಂಬಂತೆ ಆಗಬಾರದು. ಬಸಿರಾಗುವ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಹೆಪ್ಪು ಕರಗಿದ ಮೇಲೆ ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಕವಾಟ ಬಿಡಿಸಬಹುದು.

ಎದೆಯ ಮೇಲಿಂದ ನೋಡುವ ಎಕೋಗೆ ಎಲ್ಲವೂ ಕಾಣುವುದಿಲ್ಲ. ಎಡ ಮೇಲ್ಕೋಣೆಗೆ ಸಣ್ಣ ಚೀಲವೊಂದಿದೆ. ಹೆಪ್ಪು ಅವಿತುಕೊಳ್ಳುವುದು ಬಹುಪಾಲು ಅಲ್ಲೇ. ಅದನ್ನು ನೋಡಲು ಅನ್ನನಾಳದೊಳಗೆ ಪ್ರೋಬ್ ಇಳಿಸಬೇಕು. ಕೆಲವರಿಗೆ ಮೇಲ್ಕೋಣೆಗಳ ನಡುವೆ ಹುಟ್ಟಿನಿಂದಲೇ ಮುಚ್ಚದ ಕಂಡಿ ಇರುತ್ತದೆ. ಲವಣಯುಕ್ತ ನೀರನ್ನು ಕುಲುಕಿ ತೋಳಿನ ರಕ್ತನಾಳಕ್ಕೆ ಕೊಟ್ಟು, ಗುಳ್ಳೆಗಳು ದಾಟುತ್ತವೆಯೇ ಎಂದು ನೋಡುತ್ತೇವೆ. ನಾಲ್ವರಲ್ಲಿ ಒಬ್ಬರಿಗೆ ಈ ಕಂಡಿ ಇರುವುದರಿಂದ, ಅದು ಸಿಕ್ಕಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಎಕೋ ನಾರ್ಮಲ್ ಬಂದರೂ ನಿರಾಳವಾಗಬೇಡಿ. ತಾಳ ತಪ್ಪಿದ ಬಡಿತ ಬಂದು ಹೋಗುವ ಸ್ವಭಾವದ್ದು. ಅದನ್ನು ಹಿಡಿಯಲು, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಬೇಕಾಗಬಹುದು.

ಲಕ್ವ ಹೊಡೆದ ಗಳಿಗೆಯಲ್ಲಿ ಮಾತ್ರ ಎಕೋಗಾಗಿ ಕಾಯಬಾರದು, ನಾಟಿ ಔಷಧಿಗೆಂದು ಊರೂರು ತಿರುಗಲೂಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಡಿಸ್ಚಾರ್ಜ್ ಆಗುವ ಮುನ್ನ "ಎಕೋ, ಇ.ಸಿ.ಜಿ. ಆಗಿದೆಯೇ, ಏನು ಕಂಡಿತು?" ಎಂದು ಕೇಳಿ, ರಿಪೋರ್ಟ್ ಜೋಪಾನ ಮಾಡಿ. ಮನೆಯ ಮಕ್ಕಳಿಗೆ ಗಂಟಲುನೋವಿನ ನಂತರ ಮಂಡಿ, ಮೊಣಕೈ ಊದಿದರೆ ಎಣ್ಣೆ ಹಚ್ಚಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ರುಮ್ಯಾಟಿಕ್ ಜ್ವರವೆಂದು ಹೇಳಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಬರೆದುಕೊಟ್ಟರೆ, ವೈದ್ಯರು ಸಾಕೆನ್ನುವವರೆಗೆ ಒಂದನ್ನೂ ತಪ್ಪಿಸಬೇಡಿ.