ಕೋಲು ಕೊಳ್ಳುವ ಮುನ್ನ

‘ಕ್ಯೂ’ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸರದಿಯ ಸಾಲು. ನಾನು ಹೇಳಹೊರಟಿರುವುದು ಸ್ನೂಕರ್ ಆಡುವ ಕೋಲಿನ ಮಾತು. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ ಹುಟ್ಟಿದ ಈ ಆಟದ ಹುಚ್ಚು ನನಗೆ ಹಿಡಿದದ್ದು ಬೆಂಗಳೂರಿನಲ್ಲಿ, ನಡುವಯಸ್ಸಿನಲ್ಲಿ. ಮೊದಲ ಕೋಲನ್ನು ಹೊಳಪಿಗೆ ಮರುಳಾಗಿ, ಆಡಿ ನೋಡದೆ ಕೊಂಡೆ. ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಿಲ್ಲಾಯಿತು. ತಿಂಗಳ ಸಂಬಳದ ಕಾಲುಭಾಗ ಅದರೊಡನೆ ಹೋಯಿತು.

ಎರಡನೆಯ ಸಲ ಅಂಗಡಿಯವರನ್ನು ಕಾಡಿ, ಮೂರು ಕೋಲುಗಳನ್ನು ಒಂದು ಸಂಜೆಯ ಮಟ್ಟಿಗೆ ಆಟದ ಮೇಜಿಗೆ ತಂದೆ. ಮೇಜಿನ ಮೇಲೆ ಉರುಳಿಸಿ ಡೊಂಕು ಹುಡುಕುವವರುಂಟು. ಬುಡವನ್ನು ಕಣ್ಣಿನ ಬಳಿ ಹಿಡಿದು, ಮೆಲ್ಲನೆ ತಿರುಗಿಸುತ್ತ ತುದಿಯತ್ತ ನೋಡುವುದೇ ಮೇಲು. ಆಶ್ ಮರದ ಎಳೆಗಳು ಬಾಣದ ಮೊನೆಗಳಂತೆ ಒಂದರ ಹಿಂದೊಂದು ಸಾಗಿರಬೇಕು. ಮೂರೂ ನೆಟ್ಟಗಿದ್ದವು, ಉದ್ದ 58 ಅಂಗುಲದ ಆಸುಪಾಸು, ತೂಕ 18 ಔನ್ಸು. ಆದರೂ ಎರಡು ನನ್ನ ಕೈಗೆ ಒಗ್ಗಲಿಲ್ಲ. ಒಂದು ಮುಂದಕ್ಕೆ ಭಾರ, ಇನ್ನೊಂದು ಹೊಡೆತಕ್ಕೆ ನಡುಗುತ್ತಿತ್ತು.

ಮೂರನೆಯದರಿಂದ ಬಿಳಿಯ ಚೆಂಡನ್ನು ಕಂದು ಚುಕ್ಕೆಯಿಂದ ನೀಲಿ, ಗುಲಾಬಿ, ಕಪ್ಪು ಚುಕ್ಕೆಗಳ ಮೇಲೆ ನೇರವಾಗಿ ಕಳುಹಿಸಿದೆ. ಎದುರಂಚಿಗೆ ತಾಗಿ, ಹೋದ ದಾರಿಯಲ್ಲೇ ಮರಳಿ ಬಂದು ಕೋಲಿನ ತುದಿಯನ್ನು ಮುಟ್ಟಿತು. ಮೂರರಲ್ಲಿ ಅದೇ ಮಂಕು ಬಣ್ಣದ್ದು. ಬುಡದಲ್ಲಿ ಒಂದು ಗೀರೂ ಇತ್ತು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹಣದೊಡನೆ ಬಾಗಿಲಲ್ಲಿ ನಿಂತಿದ್ದೆ.