ಒಂದೇ ಗುಡ್ಡದ ರೀಸ್ಲಿಂಗ್: ಸಿಹಿಯಿಲ್ಲದ ವೈನಿನ ರುಚಿ ನೋಡುವ ಬಗೆ

ವೈನ್ ಎಂದರೆ ಸಿಹಿಯಾದ ಕೆಂಪು ಪಾನೀಯವೆಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಆದರೆ ಸಿಹಿಯಿಲ್ಲದ, ತಿಳಿ ಹಳದಿ ಬಣ್ಣದ, ನಾಲಿಗೆ ಚುರುಕೆನ್ನುವಷ್ಟು ಹುಳಿಯುಳ್ಳ ರೀಸ್ಲಿಂಗ್ ವೈನಿಗೆ ರುಚಿ ಬಲ್ಲವರು ಹೆಚ್ಚಿನ ಬೆಲೆ ಕೊಡುತ್ತಾರೆ. ದ್ರಾಕ್ಷಿ ಬೆಳೆಯುವ ನೀವು ಇದನ್ನು ಅರಿತಿರುವುದು ಒಳ್ಳೆಯದು. ಏಕೆಂದರೆ ತೋಟದ ಗುಣದೋಷಗಳೆರಡೂ ಈ ವೈನಿನಲ್ಲಿ ಹೊರಬೀಳುತ್ತವೆ.

ರಸ ಹುಳಿಯುವಾಗ ಲೀಟರಿನಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ 1ರಷ್ಟು ಮದ್ಯಸಾರ ಉಂಟಾಗುತ್ತದೆ. ಸಕ್ಕರೆ ಹೆಚ್ಚುಕಡಿಮೆ ಪೂರ್ಣ ಮುಗಿದ ವೈನಿಗೆ 'ಡ್ರೈ' ಎನ್ನುವರು. ಐರೋಪ್ಯ ನಿಯಮದಂತೆ ಇದರಲ್ಲಿ ಲೀಟರಿಗೆ 4 ಗ್ರಾಂ, ಹುಳಿ ಹೆಚ್ಚಿದ್ದಲ್ಲಿ 9 ಗ್ರಾಂವರೆಗೆ ಸಕ್ಕರೆ ಉಳಿದಿರಬಹುದು. ಸಾರು ಕೆಟ್ಟಾಗ ಬೆಲ್ಲ ಹಾಕಿ ಸರಿಪಡಿಸುವ ಉಪಾಯ ಇಲ್ಲಿ ನಡೆಯದು.

ಫ್ರಾನ್ಸಿನ ಅಲ್ಸಾಸ್ ಸೀಮೆಯ ಉನಾವೀರ್ ಗ್ರಾಮದಲ್ಲಿ ರೋಸಾಕರ್ ಎಂಬ ಗುಡ್ಡವಿದೆ. ಅದರ ಇಳಿಜಾರಿನಲ್ಲಿ ಟ್ರಿಂಬಾಕ್ ಮನೆತನದ 'ಕ್ಲೋ ಸೇಂತ್ ಉನ್' ಎಂಬ ತೋಟವಿದೆ. ವಿಸ್ತೀರ್ಣ 1.67 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 4 ಎಕರೆ 5 ಗುಂಟೆ ಮಾತ್ರ! ಈ ತೋಟದ ಹಣ್ಣನ್ನು ಬೇರೆಯದರೊಡನೆ ಬೆರೆಸದೆ, 1919ರ ಸುಗ್ಗಿಯಿಂದ ಇದೇ ಹೆಸರಿನಲ್ಲಿ ವೈನ್ ಮಾಡುತ್ತಾ ಬಂದಿದ್ದಾರೆ. ಹಲವು ವರ್ಷ ನೆಲಮಾಳಿಗೆಯಲ್ಲಿಟ್ಟು ಆಮೇಲೆ ಮಾರುತ್ತಾರೆ. ಸಾಲ ಮಾಡಿ ಬೆಳೆ ತೆಗೆದವನಿಗೆ ಇದು ಎಟುಕದ ಮಾತೆನ್ನಿ.

ನಮ್ಮ ಸಹ್ಯಾದ್ರಿಯ ಪೂರ್ವಕ್ಕೆ ಮಳೆ ಕಡಿಮೆಯಾಗುವಂತೆ, ಅಲ್ಲಿಯೂ ವೋಜ್ ಬೆಟ್ಟಸಾಲು ಪಶ್ಚಿಮದ ಮಳೆಯನ್ನು ತಡೆಯುತ್ತದೆ. ಚಳಿಯ ದೇಶವಾದ್ದರಿಂದ ಓರೆಬಿಸಿಲು ಇಳಿಜಾರಿಗೆ ಚೆನ್ನಾಗಿ ತಾಗುತ್ತದೆ, ಭಾರವಾದ ತಣ್ಣನೆಯ ಗಾಳಿ ಕೆಳಗೆ ಹರಿದುಹೋಗುತ್ತದೆ. ಹೀಗಾಗಿ ಹಣ್ಣು ನಿಧಾನವಾಗಿ ಮಾಗಿದರೂ ಹುಳಿ ಕಳೆದುಕೊಳ್ಳುವುದಿಲ್ಲ. ಮಣ್ಣು ಸುಣ್ಣಕಲ್ಲಿನದು. ವೈನಿನಲ್ಲಿ ಕಲ್ಲಿನ ರುಚಿಯಿದೆ ಎಂದು ಹೊಗಳುವವರಿದ್ದಾರೆ. ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತರುವುದಿಲ್ಲ. ನೀರು ಬಸಿಯುವುದು, ಶಾಖ ಹಿಡಿಯುವುದು, ಬಳ್ಳಿಯ ಬೆಳವಣಿಗೆಗೆ ಮಿತಿ ಹಾಕುವುದು, ಮಣ್ಣಿನ ಕೆಲಸ ಇಂಥದು.

ಇನ್ನು ರುಚಿ ನೋಡುವ ಕ್ರಮ. ವೈನ್ 10ರಿಂದ 12 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಲಿ. ಇದಕ್ಕಿಂತ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಲೋಟದ ಮೂರರಲ್ಲೊಂದು ಭಾಗ ಮಾತ್ರ ಸುರಿದು, ಮೆಲ್ಲಗೆ ತಿರುಗಿಸಿ ಮೂಸಿರಿ. ಹೊಸತಾದರೆ ನಿಂಬೆ, ಹಸಿರು ಸೇಬು, ಬಿಳಿ ಹೂವಿನ ವಾಸನೆ ಬರುತ್ತದೆ. ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲಾ ಹರಡಿ ಹುಳಿಯನ್ನು ಗಮನಿಸಿರಿ. ಈ ಹುಳಿಯಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಯಲ್ಲಿ ಇರುವುದೂ ಅದೇ. ಕಾಯಿಯ ಒಗರಿಲ್ಲದೆ ಹುಳಿ ಬಾಯಲ್ಲಿ ನೀರೂರಿಸಬೇಕು. ಉಗುಳಿದ ಮೇಲೂ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿರಿ. ಹೌದು, ಹತ್ತಾರು ಬಗೆ ಪರೀಕ್ಷಿಸುವವರು ಕುಡಿಯುವುದಿಲ್ಲ, ಉಗುಳುತ್ತಾರೆ.

ಶೀಷೆಯ ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಕಲಬೆರಕೆ ಎಂದು ಅನುಮಾನಿಸಬೇಡಿ. ಅದು ತಂಪಿಗೆ ಘನಿಸಿದ ಟಾರ್ಟಾರಿಕ್ ಲವಣ.

ಹಳೆಯ ರೀಸ್ಲಿಂಗ್ ಸೀಮೆಎಣ್ಣೆಯಂತೆ ನಾರುವುದುಂಟು! ಇದು ಪೀಪಾಯಿಯ ದೋಷವಲ್ಲ. ಹಣ್ಣಿನ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಹುಟ್ಟಿದ ವಸ್ತುಗಳು ಶೀಷೆಯಲ್ಲಿ ಕ್ರಮೇಣ ಈ ವಾಸನೆಯಾಗಿ ಮಾರ್ಪಡುತ್ತವೆ. ಹಳೆಯ ವೈನಿನಲ್ಲಿ ಜೇನಿನ ವಾಸನೆಯೊಡನೆ ಹಿತವಾಗಿ ಬೆರೆತಿದ್ದರೆ ಮೆಚ್ಚುವವರು ಬಹಳ. ಎಳೆಯ ವೈನಿನಲ್ಲಿಯೇ ಮೂಗಿಗೆ ಹೊಡೆದರೆ ಮಾತ್ರ ತೋಟದತ್ತ ನೋಡಬೇಕು. ಗೊಂಚಲಿನ ಸುತ್ತಲಿನ ಎಲೆಗಳನ್ನು ಅತಿಯಾಗಿ ಸವರಿ ಹಣ್ಣನ್ನು ಸುಡುಬಿಸಿಲಿಗೆ ಒಡ್ಡಿದಾಗ ಈ ವಾಸನೆ ಹೆಚ್ಚುತ್ತದೆ. ಎಲೆಯನ್ನು ಪೂರ್ತಿ ಬಿಟ್ಟರೂ ಗೊಂಚಲಿಗೆ ಗಾಳಿಯಾಡದೆ ಕೊಳೆರೋಗ ತಗಲುತ್ತದೆ. ಆದ್ದರಿಂದ ಬಿಸಿಲು ಹೆಚ್ಚಿರುವ ಕಡೆ ಮುಂಜಾನೆಯ ಬಿಸಿಲು ಬೀಳುವ ಪಕ್ಕದ ಎಲೆಯನ್ನಷ್ಟೇ ತೆಗೆದು, ಮಧ್ಯಾಹ್ನದ ಬಿಸಿಲಿನ ಪಕ್ಕದ ಎಲೆಯನ್ನು ನೆರಳಿಗೆ ಉಳಿಸಿಕೊಳ್ಳುತ್ತಾರೆ.