ಬಸುರಿಯ ಊಟ, ಕೂಸಿನ ತೂಕ



ಈ ಹೊತ್ತು ನಾನು ಬೀಜ ಗೊಬ್ಬರದ ಮಾತೆತ್ತುವುದಿಲ್ಲ. ಬಸುರಿ ಹೆಂಗಸಿನ ಊಟದ ವಿಚಾರ ಬೇಸಾಯದವನಿಗೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇನೆ, ಕೇಳಿ.

ತುಮಕೂರು ರಸ್ತೆಯ ನಾಗಸಂದ್ರವನ್ನು ನೀವೆಲ್ಲ ಬಲ್ಲಿರಿ. 2015ರಲ್ಲಿ ಅಲ್ಲಿಗೆ ಮೆಟ್ರೊ ರೈಲು ಬಂತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮನೆಗಳೂ ಕಾರ್ಖಾನೆಗಳೂ ನಿಂತಿವೆ. ಆದರೂ ಹಳೇ ಊರಿನ ಕೆಲವು ಮನೆಗಳಲ್ಲಿ ಒಂದೆರಡು ಸೀಮೆಹಸು ಉಳಿದುಕೊಂಡಿವೆ. ಅಂಥ ಒಂದು ಮನೆಗೆ ಮೇವಿನ ವಿಚಾರವಾಗಿ ಹೋಗಿದ್ದೆ. ಹಸು ಏಳು ತುಂಬಿದ ಗಬ್ಬ. ಮನೆಯ ಹಿರಿಯಮ್ಮ ಹೇಳಿದರು: “ಹಾಲು ಬತ್ತಿಸಿಬಿಟ್ಟಿದೀನಿ ಸ್ವಾಮಿ. ದಿನಾ ಒಂದು ಸೇರು ಹಿಂಡಿ ಬೂಸ ಜಾಸ್ತೀನೇ ಇಡ್ತೀನಿ. ಈಗ ಹಾಕ್ದಿದ್ರೆ ಕರೂನೂ ಬಡಕಲು, ಮುಂದಕ್ಕೆ ಹಾಲೂ ಇಲ್ಲ.” ಭೇಷ್ ಎಂದೆ. ಅಷ್ಟರಲ್ಲಿ ಸೊಸೆ ಕಾಫಿ ತಂದಿಟ್ಟಳು. ಪೀಣ್ಯದ ಕಡೆ ಹೊಲಿಗೆ ಕಾರ್ಖಾನೆಗೆ ಹೋಗುವ ಹುಡುಗಿ. ಆಕೆಗೂ ಏಳನೇ ತಿಂಗಳು. “ಊಟ ಚೆನ್ನಾಗಿ ಮಾಡ್ತಾ ಇದಾಳೇನಮ್ಮ?” ಎಂದು ಕೇಳಿದೆ. “ರಾತ್ರಿ ಮುದ್ದೆ ಬಿಡಿಸಿದೀನಿ ಸ್ವಾಮಿ. ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಅಲ್ವೇ?”

ಕೊಟ್ಟಿಗೆಯಲ್ಲಿ ಬಲ್ಲ ಮಾತು ಅಡಿಗೆಮನೆಗೆ ಬರುವಷ್ಟರಲ್ಲಿ ತಿರುಗಿಬಿಟ್ಟಿತ್ತು! ಆ ತಾಯಿಯನ್ನು ನಾನು ಹಳಿಯುವುದಿಲ್ಲ. ಆಸ್ಪತ್ರೆ ದೂರವಿದ್ದು ಸೂಲಗಿತ್ತಿಯೊಬ್ಬಳೇ ಆಸರೆಯಾಗಿದ್ದ ಕಾಲದಲ್ಲಿ ಹೆರಿಗೆ ಕಟ್ಟಿಕೊಂಡರೆ ತಾಯಿ ಕೂಸು ಎರಡೂ ಹೋಗುತ್ತಿದ್ದುವು. ಆ ಹೆದರಿಕೆಯಿಂದ ಹುಟ್ಟಿದ ಮಾತು ಅದು. ಆದರೆ ಲೆಕ್ಕ ನೋಡಿ. ಏಳನೇ ತಿಂಗಳಲ್ಲಿ ಹೊಟ್ಟೆಯ ಕೂಸು ಸುಮಾರು ಒಂದು ಕೆ.ಜಿ. ಇರುತ್ತದೆ. ದಿನ ತುಂಬಿ ಹುಟ್ಟುವಾಗ ಮೂರು ಕೆ.ಜಿ.ಯ ಆಸುಪಾಸಿಗೆ ಬರಬೇಕು. ಅಂದರೆ ಮೂರರಲ್ಲಿ ಎರಡು ಪಾಲು ತೂಕ ಕೂಡುವುದು ಕೊನೆಯ ಮೂರು ತಿಂಗಳಲ್ಲಿಯೇ. ಸೀಮಂತದ ದಿನ ಮಡಿಲು ತುಂಬಿ ಹೋಳಿಗೆ ಬಡಿಸಿ, ಮಾರನೆಯ ದಿನದಿಂದ ತಟ್ಟೆ ಕಿರಿದು ಮಾಡಿದರೆ ಕೂಸು ಎಲ್ಲಿಂದ ತಂದುಕೊಂಡೀತು? ಊಟ ಕಡಿಮೆ ಮಾಡಿದ್ದರಿಂದ ಹೆರಿಗೆ ಸಲೀಸಾಗುತ್ತದೆಂಬ ಭರವಸೆಯಿಲ್ಲ. ರಕ್ತ ಕಡಿಮೆಯಾದ ತಾಯಿ ಹೆರಿಗೆಯಲ್ಲಿ ಸೋಲುವುದುಂಟು, ಸ್ವಲ್ಪ ರಕ್ತ ಹೋದರೂ ತಡೆಯಲಾರಳು.

ಎರಡೂವರೆ ಕೆ.ಜಿ.ಗಿಂತ ಕಡಿಮೆ ಇರುವ ಕೂಸನ್ನು ವೈದ್ಯರು ಕಡಿಮೆ ತೂಕದ ಕೂಸು ಎನ್ನುತ್ತಾರೆ. ಅಂಥದಕ್ಕೆ ಮೈ ಬೇಗ ತಣ್ಣಗಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಆದರೆ ವಿಚಾರ ಬಾಣಂತನಕ್ಕೆ ಮುಗಿಯುವುದಲ್ಲ. ಹುಟ್ಟಿದ ದಿನದ ತೂಕ ಐವತ್ತು ವರ್ಷದ ಮೇಲೂ ಬೆನ್ನಿಗೆ ಬರುತ್ತದೆ ಎಂದರೆ ನಂಬುವಿರಾ? ಇದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ.

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ತಾಯಿಯ ತೂಕವೂ ಅದರಲ್ಲಿತ್ತು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಡೇವಿಡ್ ಬಾರ್ಕರ್, ಡಾ. ಕ್ಯಾರೊಲಿನ್ ಫಾಲ್ ಮೊದಲಾದವರು ಮೈಸೂರಿನ ವೈದ್ಯರ ಜೊತೆಗೂಡಿ, ಹಾಗೆ ಹುಟ್ಟಿ ಆಸ್ಪತ್ರೆಯ ಸುತ್ತಮುತ್ತಲೇ ಬಾಳುತ್ತಿದ್ದ 517 ಮಂದಿ ಗಂಡಸರು ಹೆಂಗಸರನ್ನು ಹುಡುಕಿ ಹೃದಯದ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಅಥವಾ ಅದಕ್ಕೂ ಹೆಚ್ಚು ಇದ್ದವರಲ್ಲಿ ನೂರಕ್ಕೆ ಮೂರೇ ಮಂದಿಗೆ. ಕೂಸೂ ಚಿಕ್ಕದು, ಬಸುರಿನಲ್ಲಿ ತಾಯಿಯ ತೂಕವೂ ನೂರು ಪೌಂಡಿಗಿಂತ, ಅಂದರೆ ಸುಮಾರು 45 ಕೆ.ಜಿ.ಗಿಂತ ಕಡಿಮೆ ಎಂದಾದ ಕಡೆ, ಕಾಯಿಲೆ ನೂರಕ್ಕೆ 20ಕ್ಕೆ ಮುಟ್ಟಿತ್ತು.

ಚಿಕ್ಕದಾಗಿ ಹುಟ್ಟಿದವರೆಲ್ಲ ಕಾಯಿಲೆ ಬೀಳುತ್ತಾರೆಂದು ಇದರ ಅರ್ಥವಲ್ಲ. ಆ ನೂರರಲ್ಲಿ ಎಂಬತ್ತು ಮಂದಿ ಚೆನ್ನಾಗಿಯೇ ಇದ್ದರು. ಹಣೆಬರಹವೆಂದು ಕೈಕಟ್ಟಿ ಕೂರಬೇಡಿ. ಆದರೆ ಹೊಟ್ಟೆಯಲ್ಲಿ ಊಟ ಸಾಲದೆ ಬಂದ ಕೂಸು ತನ್ನ ಒಳ ಅಂಗಾಂಗಗಳನ್ನು ಆ ಕೊರತೆಗೆ ತಕ್ಕಂತೆ ಕಟ್ಟಿಕೊಂಡಿರುತ್ತದೆ ಎಂಬುದು ಪಂಡಿತರ ಅಭಿಪ್ರಾಯ. ಮುಂದೆ ಕೂತು ತಿನ್ನುವ ಕಾಲ ಬಂದಾಗ ಆ ಮೈ ತಡೆಯದು.

ನಾಗಸಂದ್ರದ ಹಿರಿಯಮ್ಮನಿಗೆ ಇದನ್ನೇ ಹೇಳಿದೆ. “ಹಂಗಾದ್ರೆ ಎಷ್ಟು ಇಕ್ಕಬೇಕು ಹೇಳಿ ಮತ್ತೆ” ಎಂದರು. ಕೇಳುವ ಪ್ರಶ್ನೆ ಅದೇ. ಇಬ್ಬರ ಊಟ ಒಬ್ಬಳೇ ಉಣ್ಣಬೇಕಿಲ್ಲ. ಮೊದಲು ಉಣ್ಣುತ್ತಿದ್ದುದರ ಮೇಲೆ ದಿನಕ್ಕೆ ಸುಮಾರು 350 ಕ್ಯಾಲೊರಿ ಬೇಕು. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ ಹೆಚ್ಚುಕಡಿಮೆ ಅಷ್ಟಕ್ಕೆ ಸಮ. ರಾಗಿಯನ್ನು ಬಿಡಿಸುವುದಂತೂ ದೊಡ್ಡ ತಪ್ಪು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಸುಣ್ಣದಂಶವಿದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಬರೀ ಮುದ್ದೆಯಿಂದ ಮಾಂಸಖಂಡ ಬೆಳೆಯದು. ಅವರೆಯೋ ಹುರುಳಿಯೋ ಹೆಸರೋ, ಯಾವುದಾದರೂ ಕಾಳು ದಿನವೂ ಇರಲಿ. ಬಸ್ಸಾರು ಮಾಡಿದರೆ ಕಟ್ಟು ಮಾತ್ರ ಆಕೆಗೆ ಬಡಿಸಿ ಪಲ್ಯವನ್ನು ಗಂಡಸರ ತಟ್ಟೆಗೆ ಹಾಕಬೇಡಿ! ಹಿತ್ತಿಲ ನುಗ್ಗೆಸೊಪ್ಪು, ಒಂದು ಮೊಟ್ಟೆ, ಒಂದು ಲೋಟ ಹಾಲು. ಡೇರಿಗೆ ಹಾಕುವ ಮುಂಚೆ ಆ ಲೋಟ ತೆಗೆದಿಡಿ. ಹೊಟ್ಟೆ ಒತ್ತಿ ಒಂದೇ ಸಲ ಉಣ್ಣಲಾಗದಿದ್ದರೆ ನಾಲ್ಕೈದು ಸಲ ಉಣ್ಣಲಿ. ಎಲ್ಲರೂ ಉಂಡಾದ ಮೇಲೆ ಉಳಿದದ್ದು ಸೊಸೆಗೆ ಎಂಬ ಪದ್ಧತಿಯನ್ನು ಈ ಒಂಬತ್ತು ತಿಂಗಳಾದರೂ ನಿಲ್ಲಿಸಿ.

ಅಂಗನವಾಡಿಯನ್ನು ಮರೆಯಬೇಡಿ. ನಮ್ಮ ರಾಜ್ಯದಲ್ಲಿ ಈ ಕೆಲಸ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಮೊದಲಾಯಿತು. ಬಸುರಿ ಬಾಣಂತಿಯರಿಗೆ ಅಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯಾದ್ಯಂತ ಬಂತು. “ಬೀದಿಯಲ್ಲಿ ಹೋಗಿ ಉಣ್ಣೋದೇ?” ಎಂದು ಸಂಕೋಚಪಡುವವರಿದ್ದಾರೆ. ಸಂಕೋಚ ಯಾಕೆ, ಅದು ನಿಮ್ಮ ಹಕ್ಕು. ಕಾರ್ಖಾನೆಗೆ ಹೋಗುವವರು ಇನ್ನೊಂದು ತಿಳಿದಿರಬೇಕು: 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಉಂಟು, ಅದರಲ್ಲಿ ಎಂಟು ವಾರ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಕೂಸು ತೂಕ ಕೂಡಿಸಿಕೊಳ್ಳುವ ವಾರಗಳೇ ಅವು.

ಕಬ್ಬಿಣದ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಕೊಟ್ಟು ಹೋಗುತ್ತಾರೆ, ಅದು ಗೂಡಿನಲ್ಲೇ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿ. ಕಾಫಿ ಟೀ ಜೊತೆಗೆ ನುಂಗಿದರೆ ಅರ್ಧ ವ್ಯರ್ಥ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಸುಣ್ಣದಂಶದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ರಕ್ತದಲ್ಲಿ ಹಿಮೊಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ವೈದ್ಯರ ಮಾತು ಕೇಳತಕ್ಕದ್ದು.

ಇನ್ನು ಎದುರು ಬದಿ. ಕೂಸು ಎಷ್ಟು ದಪ್ಪವಾದರೆ ಅಷ್ಟು ಒಳ್ಳೆಯದು ಎಂದೂ ತಿಳಿಯಕೂಡದು. ಅದೇ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಕಂಡಿತು. ಅವರ ಕೂಸುಗಳು ತೂಕವಾಗಿ ಹುಟ್ಟಿದುವು; ಒಂಬತ್ತೂವರೆ ವರ್ಷಕ್ಕೆ ನೋಡಿದರೆ ಹೆಣ್ಣುಮಕ್ಕಳಲ್ಲಿ ಮೈಯ ಕೊಬ್ಬೂ ಹೆಚ್ಚು, ರಕ್ತದ ಸಕ್ಕರೆಯೂ ಹೆಚ್ಚು. ಈ ಕಾಯಿಲೆ ಹೊರಗೆ ತೋರುವುದಿಲ್ಲ. ಸಕ್ಕರೆನೀರು ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ತೆಗೆದು ನೋಡುವ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ತಾಯಿ ಕಾರ್ಡಿನಲ್ಲಿ ಅದನ್ನು ಬರೆಸಿಕೊಳ್ಳಿ. ಬಯಕೆಯ ಹೆಸರಿನಲ್ಲಿ ದಿನವೂ ಸಿಹಿ ಕೊಡುವ ಅತ್ತಿಗೆ ನಾದಿನಿಯರು ಇದನ್ನು ಕೇಳಿಸಿಕೊಳ್ಳಲಿ.

ಕೂಸು ಹುಟ್ಟಿದ ಗಂಟೆಯೊಳಗೆ ಎದೆಗೆ ಹಾಕಿ. ಕರುವಿಗೆ ಗಿಣ್ಣು ಕುಡಿಸದೆ ಬಿಡುವ ರೈತನುಂಟೇ? ತಾಯಿಯ ಮೊದಲ ಹಳದಿ ಹಾಲೂ ಹಾಗೆಯೇ; ಅದನ್ನು ಹಿಂಡಿ ಚೆಲ್ಲಬಾರದು. ಸಕ್ಕರೆನೀರು, ಜೇನು ಬೇಡ. ಆರು ತಿಂಗಳು ಎದೆಹಾಲೊಂದೇ ಸಾಕು. ಬಾಣಂತಿಗೆ ಊಟ ಬಸುರಿಗಿಂತಲೂ ಹೆಚ್ಚು ಬೇಕು, ಪಥ್ಯವೆಂದು ಕಟ್ಟಬೇಡಿ. ಕಡಿಮೆ ತೂಕದ ಕೂಸಾದರೆ ತಾಯಿಯ ಬರೀ ಎದೆಗೆ ಒತ್ತಿ ಮಲಗಿಸಿ ಮೇಲೆ ಹೊದಿಸಬೇಕು. ತಾಯಿಗೆ ದಣಿವಾದರೆ ಅಜ್ಜಿಯೂ ಹಾಗೆ ಇಟ್ಟುಕೊಳ್ಳಬಹುದು, ಅಪ್ಪನೂ ಇಟ್ಟುಕೊಳ್ಳಬಹುದು. ಇಂಥ ಕೂಸಿಗೆ ಎಣ್ಣೆನೀರಿನ ಅವಸರ ಬೇಡ, ಸಾಂಬ್ರಾಣಿ ಹೊಗೆಯಂತೂ ಬೇಡವೇ ಬೇಡ.

ಮೊದಲ ವಾರದಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲಿನವರೆಗೆ ಇಳಿದರೂ ಗಾಬರಿಯಾಗಿ ಬಾಟಲಿ ಹಿಡಿಸಬೇಡಿ. ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ಮರಳಬೇಕು. ಮರಳದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಐದಾರು ತಿಂಗಳಿಗೆ ತೂಕ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುವುದು ವಾಡಿಕೆ. ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ಮಲಗಿಸಿ, ತೂಕವನ್ನು ಕಾರ್ಡಿನಲ್ಲಿ ಬರೆಸಿ. ಹಾಲಿನ ಡೇರಿಯ ಪುಸ್ತಕದಲ್ಲಿ ದಿನದಿನದ ಲೆಕ್ಕ ನೋಡಿಕೊಳ್ಳುತ್ತೀರಲ್ಲ, ಅದರ ಪಕ್ಕದಲ್ಲೇ ಆ ಕಾರ್ಡನ್ನೂ ಇಟ್ಟುಕೊಳ್ಳಿ.